ಸೌದೆ ರಾಶಿಗೆ ಕೈ ಹಾಕುವ ಮೊದಲು

ಗೌರಿಬಿದನೂರಿನಿಂದ ಹೊಸದಾಗಿ ಸಿಡ್ನಿಗೆ ಬಂದಿರುವ ತಂಗಿಯೊಬ್ಬರು ಕೇಳಿದ್ದಾರೆ, "ಅಕ್ಕಾ, ಇಲ್ಲಿನ ಜೇಡಗಳ ವಿಷಯ ಕೇಳಿ ಭಯ ಆಗ್ತಿದೆ, ಮಕ್ಕಳನ್ನು ಹಿತ್ತಲಿಗೆ ಬಿಡಬಹುದಾ?" ಅಂತ. ಖಂಡಿತ ಬಿಡಿ. ಆದರೆ ಎರಡು ಜೇಡಗಳನ್ನು ಗುರುತು ಹಿಡಿಯೋದು ಕಲಿತು ಬಿಡಿ.

ನಾನೀಗ ರಜೆಗೆ ಚಿಂತಾಮಣಿ ಹತ್ತಿರದ ನಮ್ಮೂರಲ್ಲಿದ್ದೇನೆ. ನಿನ್ನೆ ನನ್ನ ಮಗ ಸೌದೆ ರಾಶಿಗೆ ಸೀದಾ ಕೈ ಹಾಕಲು ಹೋದ. ಅಪ್ಪ ಕೂಗಿಕೊಂಡರು, "ಏಯ್, ಮೊದಲು ಕೋಲಲ್ಲಿ ತಟ್ಟೋ, ಚೇಳಿರುತ್ತೆ!" ಇದೇ ಅಪ್ಪ ಹೋದ ವರ್ಷ ಸಿಡ್ನಿಯ ನಮ್ಮ ಮನೆಯಲ್ಲಿ ಬರಿಗೈಲಿ ಕಳೆ ಕೀಳುತ್ತಾ ಕೂತಿದ್ದರು. ಒಂದು ಕುಂಡ ಎತ್ತಿದರು. ಅದರ ಅಂಚಿನ ಕೆಳಗೆ ಕಪ್ಪು ಜೇಡ, ಬೆನ್ನ ಮೇಲೆ ಕೆಂಪು ಪಟ್ಟೆ. ಮಗ ಕಿರುಚಿದ. ಅಪ್ಪ ಮಾತ್ರ "ಜೇಡ ತಾನೇ, ಏನ್ಮಾಡುತ್ತೆ" ಅಂತ ಬೆರಳಲ್ಲಿ ತಳ್ಳಲು ಹೊರಟರು. ನಾನು ಓಡಿ ಹೋಗಿ ಕೈ ಹಿಡಿದುಕೊಂಡೆ.

ಅಪ್ಪನದು ತಪ್ಪಲ್ಲ. ನಮ್ಮ ಕಡೆ ಕ್ಯಾಲೆಂಡರ್ ಹಿಂದೆ ಅಂಗೈಯಗಲದ ಜೇಡ ಕೂತಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ನಾವು ಹೆದರೋದು ಚೇಳಿಗೆ, ಹಾವಿಗೆ. ಯಾವುದಕ್ಕೆ ಹೆದರಬೇಕು ಅನ್ನೋದನ್ನು ನಾವು ಹುಟ್ಟಿದ ಮಣ್ಣಿನಲ್ಲೇ ಕಲಿತಿರುತ್ತೇವೆ. ಹಾಗಾಗಿ ಊರಿಂದ ಬರುವ ಅಪ್ಪ ಅಮ್ಮನಿಗೂ, ಊರಿಗೆ ಬರುವ ಮಕ್ಕಳಿಗೂ ಮೊದಲೇ ಹೇಳಬೇಕು. ನಾನು ಅಪ್ಪನಿಗೆ ಹೇಳಿರಲಿಲ್ಲ.

ಆ ಕೆಂಪು ಪಟ್ಟೆಯದು ರೆಡ್‌ಬ್ಯಾಕ್. ಕುಂಡದ ಅಂಚು, ಹೊರಗಿಟ್ಟ ಕುರ್ಚಿಯ ಅಡಿ, ಶೆಡ್ಡಿನ ಮೂಲೆ, ಮಕ್ಕಳು ಮರೆತು ಬಿಟ್ಟ ಆಟದ ಸಾಮಾನು, ಹೀಗೆ ಒಣಗಿದ ಮರೆ ಜಾಗ ಅದಕ್ಕೆ ಇಷ್ಟ. ತಾನಾಗಿ ಬಂದು ಕಚ್ಚುವುದಿಲ್ಲ. ನಮ್ಮ ಕೈ ಅದರ ಬಲೆಗೆ ಹೋದಾಗಲೇ ತೊಂದರೆ. ಇನ್ನೊಂದು ಫನೆಲ್‌ವೆಬ್. ಇದು ಹೊಳೆಯುವ ಕಪ್ಪು, ತೇವ ಇರುವ ಕಲ್ಲು, ಮರದ ತುಂಡುಗಳ ಕೆಳಗೆ ಬಿಲ ಮಾಡಿಕೊಂಡಿರುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಮಳೆ ಬಿದ್ದ ಮೇಲೆ, ಗಂಡುಗಳು ಹೆಣ್ಣು ಹುಡುಕುತ್ತಾ ಓಡಾಡುತ್ತವೆ. ಹೊರಗೆ ಬಿಟ್ಟ ಶೂ ಒಳಗೆ ಸೇರಿಕೊಳ್ಳಬಹುದು. ಈಜುಕೊಳಕ್ಕೆ ಬಿದ್ದು ಸತ್ತಂತೆ ಕಂಡರೂ ಬದುಕಿರಬಹುದು, ಮಕ್ಕಳು ಕೈಯಲ್ಲಿ ಎತ್ತಬಾರದು. ಸಿಡ್ನಿಯ ಫನೆಲ್‌ವೆಬ್‌ನಲ್ಲಿ ಗಂಡಿನ ವಿಷವೇ ಜಾಸ್ತಿ ಅಪಾಯ. ಆದರೆ 1981ರಲ್ಲಿ ಅದಕ್ಕೆ ಆಂಟಿವೆನಮ್, ಅಂದರೆ ವಿಷಕ್ಕೆ ಪ್ರತಿಯಾಗಿ ಕೊಡುವ ಔಷಧಿ, ಬಂತು. ಆಮೇಲೆ ಆ ಕಡಿತದಿಂದ ಸತ್ತವರ ದಾಖಲೆ ಇಲ್ಲ. ಇದು ನನಗೆ ತುಂಬಾ ಧೈರ್ಯ ಕೊಟ್ಟ ವಿಷಯ.

ಕಚ್ಚಿದರೆ ಏನು ಮಾಡಬೇಕು ಅನ್ನೋದನ್ನು ಮಾತ್ರ ದಯವಿಟ್ಟು ಸರಿಯಾಗಿ ನೆನಪಿಡಿ, ಎರಡಕ್ಕೂ ಮದ್ದು ಬೇರೆ ಬೇರೆ. ನಮ್ಮೂರಲ್ಲಿ ಏನು ಕಚ್ಚಿದರೂ ಮೇಲೆ ಹಗ್ಗ ಬಿಗಿಯುವ ರೂಢಿ ಇದೆಯಲ್ಲ, ಅದು ಎರಡಕ್ಕೂ ಬೇಡ. ಫನೆಲ್‌ವೆಬ್ ಅನ್ನಿಸಿದರೆ, ಅಷ್ಟೇ ಏಕೆ, ದೊಡ್ಡ ಕಪ್ಪು ಜೇಡ ಯಾವುದು ಕಚ್ಚಿದರೂ, ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಜಾಗದ ಮೇಲೆ ಸುತ್ತಿ. ಆಮೇಲೆ ಬೆರಳಿನ ಕಡೆಯಿಂದ ಶುರು ಮಾಡಿ ಇಡೀ ಕೈಗೋ ಕಾಲಿಗೋ ಬಿಗಿಯಾಗಿ ಸುತ್ತಿ. ಆ ಕೈಗೋ ಕಾಲಿಗೋ ಆಸರೆಯಾಗಿ ಒಂದು ಕೋಲು ಸೇರಿಸಿ ಕಟ್ಟಿ, ಅಲುಗಾಡಿಸಬೇಡಿ, ಮಗುವನ್ನು ನಡೆಸಬೇಡಿ, ತಕ್ಷಣ ಆಂಬುಲೆನ್ಸಿಗೆ 000ಕ್ಕೆ ಕರೆ ಮಾಡಿ. ರೆಡ್‌ಬ್ಯಾಕ್ ಕಚ್ಚಿದರೆ ಬ್ಯಾಂಡೇಜ್ ಬೇಡ, ನೋವು ಹೆಚ್ಚುತ್ತೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ವಿಷದ ಬಗ್ಗೆ ಸಲಹೆ ಕೊಡುವ ಸಹಾಯವಾಣಿ 13 11 26ಕ್ಕೆ ಕರೆ ಮಾಡಿ, ಏನು ಮಾಡಬೇಕು ಅಂತ ಅವರೇ ಹೇಳುತ್ತಾರೆ. ಮಗುವಿಗೆ ಕಚ್ಚಿದ್ದರೆ ಅಥವಾ ನೋವು, ಬೆವರು ಏರುತ್ತಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಶೆಡ್ಡಿನ ಬಾಗಿಲಿಗೆ ದಪ್ಪ ಗ್ಲೌಸ್ ನೇತು ಹಾಕಿದ್ದೇನೆ, ಪಕ್ಕದಲ್ಲೇ ಎರಡು ಬ್ಯಾಂಡೇಜ್. ಶೂ ಕೊಡವಿ ಹಾಕಿಕೊಳ್ಳೋದು, ಕಲ್ಲನ್ನು ಕೋಲಿಂದ ಹೊರಳಿಸೋದು ನಮ್ಮ ಅಮ್ಮಂದಿರು ಚೇಳಿಗಾಗಿ ಕಲಿಸಿದ್ದು, ಅಲ್ವಾ? ಅದು ಅಲ್ಲಿಗೂ ಸರಿಹೋಗುತ್ತೆ.

ನಾವು ಜನವರಿ ಕೊನೆಗೆ ವಾಪಸ್ ಬರ್ತೀವಿ. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಮನೆಗೆ ಬನ್ನಿ, ನಮ್ಮ ಕುಂಡಗಳನ್ನು ಒಂದೊಂದಾಗಿ ತಿರುಗಿಸಿ ಅವರಿಗೆ ತೋರಿಸೋಣ.