ಕಚೇರಿಯಲ್ಲಿ ಹಂಚುವ 'ಮಾಮೂಲು' ಬೇಡ ಎಂದವರು ಮುಂದೆ ಹೇಗೆ ಕೆಲಸ ಮಾಡಿದಿರಿ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ತಾಲ್ಲೂಕು ಮಟ್ಟದ ಒಂದು ಕಚೇರಿಗೆ ಸೇರಿದ್ದೇನೆ, ಇನ್ನೂ ಪ್ರೊಬೇಷನ್. ನಮ್ಮಲ್ಲಿ ವಾರದ ಕೊನೆಗೆ ಎಲ್ಲರ ಟೇಬಲ್‌ಗೂ ಒಂದು ಕವರ್ ಬರುತ್ತದೆ. ನನ್ನ ಡ್ರಾಯರ್‌ನಲ್ಲೂ ಇಟ್ಟಿದ್ದರು, ಬೇಡ ಎಂದು ವಾಪಸ್ ಕೊಟ್ಟೆ. ಆಮೇಲೆ ಯಾರೂ ನೆಟ್ಟಗೆ ಮಾತಾಡುತ್ತಿಲ್ಲ. 'ನೀನೊಬ್ಬನೇ ಹರಿಶ್ಚಂದ್ರನಾ' ಎಂದು ಕೇಳುತ್ತಾರೆ. ಮನೆಯಲ್ಲಿ ಅಪ್ಪ ಕೂಡ 'ಸ್ವಲ್ಪ ಹೊಂದಿಕೊಂಡು ಹೋಗಪ್ಪ' ಅನ್ನುತ್ತಾರೆ. ಮೇಲಿನವರು ಪ್ರೊಬೇಷನ್ ಘೋಷಣೆ ಮಾಡದೆ ಸತಾಯಿಸಿದರೆ ಏನು ಮಾಡಲಿ? ಲೋಕಾಯುಕ್ತಕ್ಕೆ ಹೋಗಬೇಕಾ? ದುಡ್ಡು ಮುಟ್ಟುವುದಿಲ್ಲ, ಅದು ತೀರ್ಮಾನ ಆಗಿದೆ. ಮುಂದಿನ ದಾರಿ ಹೇಳಿ ಸಾಕು.

ನಿವೃತ್ತ ಶಿರಸ್ತೇದಾರ್

ತಮ್ಮಾ, ಸರಿಯಾಗಿ ಮಾಡಿದ್ದೀರಿ. ಮಾತು ಬಿಟ್ಟಿದ್ದಾರೆ ಎಂದು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಿಂಗಳ ಕೊನೆಗೆ ಬಾಕಿ ಕಡತಗಳ ಪಟ್ಟಿ ಕಳಿಸಬೇಕಾದಾಗ ಅವರೇ ಬಂದು ಮಾತಾಡಿಸುತ್ತಾರೆ. ನನಗೆ ಭಯ ಇರುವುದು ಬೇರೆ ವಿಷಯಕ್ಕೆ. ಹೊಸಬರ ಕೈಯಲ್ಲಿ ದುಡ್ಡು ಇಸ್ಕೊಳ್ಳುವ ಕೆಲಸ ಮಾಡಿಸುತ್ತಾರೆ. 'ಪಾರ್ಟಿ ಬಂದು ಒಂದು ಕವರ್ ಕೊಡ್ತಾರೆ, ಬೀರುವಿನಲ್ಲಿ ಇಟ್ಟಿರು, ನಾನು ಮೀಟಿಂಗ್‌ನಲ್ಲಿದ್ದೇನೆ' ಎಂದು ಫೋನ್ ಬರುತ್ತದೆ. ಸಾಹೇಬರು ಹೇಳಿದ್ದಾರೆ, ನಂದೇನೂ ಇಲ್ಲವಲ್ಲ ಎಂದು ಹುಡುಗರು ಇಟ್ಟುಬಿಡುತ್ತಾರೆ.

ನಾನು ಸರ್ವಿಸಿನಲ್ಲಿದ್ದಾಗ ಬೇರೊಂದು ಇಲಾಖೆಯ ಟ್ರ್ಯಾಪ್‌ಗೆ, ಅಂದರೆ ಲಂಚ ತಗೊಳ್ಳುವಾಗಲೇ ಹಿಡಿಯುವ ದಾಳಿಗೆ, ಪಂಚನಾಗಿ (ಸಾಕ್ಷಿಯಾಗಿ) ಹೋಗಿದ್ದೆ. ಪಂಚರಾಗಿ ಸಾಮಾನ್ಯವಾಗಿ ಸರ್ಕಾರಿ ನೌಕರರನ್ನೇ ಕರೆಸುತ್ತಾರೆ, ಒಂದಲ್ಲ ಒಂದು ದಿನ ನಿಮ್ಮನ್ನೂ ಕರೆಯಬಹುದು. ಮೊದಲು ಠಾಣೆಯಲ್ಲಿ ದೂರುದಾರ ತಂದ ನೋಟುಗಳ ನಂಬರ್ ಒಂದೊಂದಾಗಿ ಬರೆದುಕೊಂಡರು. ಅವುಗಳ ಮೇಲೆ ಫಿನಾಲ್ಫ್ಥಲೀನ್ ಪುಡಿ ಸವರಿದರು. ಬಿಳಿ ಪುಡಿ, ನೋಟಿನ ಮೇಲೆ ಕಾಣುವುದೇ ಇಲ್ಲ. ಅದನ್ನು ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಕಲಸಿದ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ನಮಗೆ ಮೊದಲೇ ಮಾಡಿ ತೋರಿಸಿದರು. ಮಧ್ಯಾಹ್ನ ಆ ಕಚೇರಿಗೆ ಹೋದಾಗ ದುಡ್ಡು ಕೇಳಿದ ಅಧಿಕಾರಿ ಇರಲಿಲ್ಲ. ತೆಗೆದುಕೊಂಡದ್ದು ಅಲ್ಲಿದ್ದ ಗುಮಾಸ್ತ. ಎರಡು ಗಾಜಿನ ಲೋಟದಲ್ಲಿ ಅವನ ಎರಡೂ ಕೈ ಅದ್ದಿಸಿದರು. ಎರಡೂ ಗುಲಾಬಿ. ಆ ನೀರನ್ನು ಬಾಟಲಿಗೆ ಸುರಿದು, ಬಟ್ಟೆ ಕಟ್ಟಿ, ಅರಗಿನ ಮುದ್ರೆ ಹಾಕಿ, ಚೀಟಿಗೆ ನಮ್ಮ ಸಹಿ ತೆಗೆದುಕೊಂಡರು. ಅಷ್ಟು ಹೊತ್ತೂ ಅವನು 'ನಂದಲ್ಲ ಸರ್, ಸಾಹೇಬರದ್ದು' ಎನ್ನುತ್ತಲೇ ಇದ್ದ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಕಲಂ ಪ್ರಕಾರ ತನಗಾಗಿ ತಗೊಂಡರೂ ಒಂದೇ, ಇನ್ನೊಬ್ಬರಿಗಾಗಿ ತಗೊಂಡರೂ ಒಂದೇ. ಶಿಕ್ಷೆ 3ರಿಂದ 7 ವರ್ಷ. ಕಸ್ಟಡಿಯಲ್ಲಿ 48 ಗಂಟೆ ದಾಟಿದರೆ ಪ್ರತ್ಯೇಕ ಆದೇಶಕ್ಕೆ ಕಾಯದೆ ಅಮಾನತು ಆದ ಹಾಗೆ. ಹಾಗಾಗಿ ಯಾರ ಕವರ್ ಆಗಲಿ, ಯಾರು ಹೇಳಿದರೂ ಆಗಲಿ, 'ಅವರು ಬಂದಮೇಲೆ ನೀವೇ ಕೊಡಿ' ಎಂದು ಬಂದವರಿಗೆ ಹೇಳಿಬಿಡಿ.

ಇನ್ನೊಂದು, ನಗದು ಘೋಷಣೆ ವಹಿ. ಬೆಳಿಗ್ಗೆ ಬಂದ ತಕ್ಷಣ ಜೇಬಿನಲ್ಲಿ ಎಷ್ಟಿದೆ ಎಂದು ಅದರಲ್ಲಿ ಬರೆಯಬೇಕು. ಎಷ್ಟೋ ಕಡೆ ವಾರಕ್ಕೊಮ್ಮೆ ಎಲ್ಲರದ್ದೂ ಒಬ್ಬರೇ ಕೂತು ತುಂಬುತ್ತಾರೆ. ನೀವು ದಿನಾ ನಿಮ್ಮ ಕೈಯಲ್ಲೇ ಬರೆಯಿರಿ. ಮನೆ ಬಾಡಿಗೆಗೆಂದು ಎಟಿಎಂನಿಂದ ತೆಗೆದ ಹಣ ಇದ್ದರೆ ಅದನ್ನೂ ಬರೆಯಿರಿ. ದಾಳಿ ಆದಾಗ ಮೊದಲು ಕೇಳುವ ಪುಸ್ತಕಗಳಲ್ಲಿ ಅದೂ ಒಂದು, ಅದರಲ್ಲಿ ಇಲ್ಲದ ದುಡ್ಡಿಗೆ ನೀವೇ ಲೆಕ್ಕ ಹೇಳಬೇಕಾಗುತ್ತದೆ. ಡ್ರಾಯರ್‌ಗೆ ಬೀಗ ಹಾಕಿ, ಕೀ ಯಾರಿಗೂ ಕೊಡಬೇಡಿ.

ಕಡತದಲ್ಲಿ ಬಾಯಿಮಾತಿನ ಆದೇಶ ಬಂದರೆ ಜಗಳಕ್ಕೆ ಹೋಗಬೇಡಿ. ಟಿಪ್ಪಣಿಯಲ್ಲಿ ಯಾವ ದಾಖಲೆ ಇದೆ, ಯಾವುದು ಇಲ್ಲ, ನಿಯಮ ಏನು ಹೇಳುತ್ತದೆ ಎಂದು ಬರೆದು 'ಸೂಕ್ತ ಆದೇಶಕ್ಕಾಗಿ ಮಂಡಿಸಿದೆ' ಎಂದು ಮೇಲಕ್ಕೆ ಕಳಿಸಿ. ಅವರಿಗೆ ಬೇರೆ ಅಭಿಪ್ರಾಯ ಇದ್ದರೆ ಅವರ ಕೈಯಲ್ಲೇ ಬರೆಯಲಿ. ಹಾಗೆ ಬರೆಯಲು ಬಹಳ ಜನ ಮುಂದೆ ಬರುವುದಿಲ್ಲ, ನನ್ನ ಸರ್ವಿಸಿನುದ್ದಕ್ಕೂ ನೋಡಿದ್ದೇನೆ.

ಎಫ್‌ಡಿಎ, ದಕ್ಷಿಣ ಕರ್ನಾಟಕ

ಸರ್ ಹೇಳಿದ್ದು ಕಾನೂನಿನ ಮಾತು, ಅದು ಬೇಕೇ ಬೇಕು. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಅದೇ ಜನರ ಮಧ್ಯೆ ಕೂರಬೇಕಲ್ಲ, ಆ ಕಷ್ಟದ ಬಗ್ಗೆ ನಾನು ಹೇಳುತ್ತೇನೆ. ತಗೊಳ್ಳುವವರಿಗೆ ನೀವು ತಗೊಳ್ಳದಿರುವುದು ಅಷ್ಟು ತೊಂದರೆ ಅಲ್ಲ. ನಿಮ್ಮ ಪಾಲು ಅವರಿಗೇ ಉಳಿಯಿತು. ನೀವು ಯಾರಿಗಾದರೂ ಹೇಳಿಬಿಡುತ್ತೀರಿ ಎನ್ನುವ ಹೆದರಿಕೆ ಅವರಿಗೆ. ಮಾತು ಬಿಡುವುದು ಅದಕ್ಕೇ. ಅವರ ದುಡ್ಡಿನ ಬಗ್ಗೆ ಭಾಷಣ ಮಾಡಬೇಡಿ, ಹಿಂದೆ ಆಡಿಕೊಳ್ಳಬೇಡಿ. ಊಟಕ್ಕೆ ಒಟ್ಟಿಗೆ ಕೂರಿ. ಅವರ ಮನೆಯ ಮದುವೆ, ಸಾವಿಗೆ ಹೋಗಿ ಬನ್ನಿ.

ನನಗೆ ನಿಜವಾಗಿ ಕಷ್ಟ ಆಗಿದ್ದು ಆಯುಧ ಪೂಜೆಯಲ್ಲಿ. ಬಾಳೆಕಂದು, ಚೆಂಡುಹೂವು, ಬೂದುಗುಂಬಳ, ಪುರಿ, ಸ್ವೀಟ್ ಎಲ್ಲಾ ಬಂದು ಬಿದ್ದಿರುತ್ತದೆ, ದುಡ್ಡು ಕೊಟ್ಟವರು ಯಾರು ಎಂದು ಕೇಳಿದರೆ ಗೇಟಿನ ಹೊರಗೆ ಕೂರುವ ಏಜೆಂಟರು. ದೇವರ ಕೆಲಸಕ್ಕೂ ಬೇಡ ಅನ್ನುತ್ತೀಯಾ ಎಂದು ಕೇಳುತ್ತಾರೆ, ಆಗ ಬಾಯಿ ಕಟ್ಟಿಹೋಗುತ್ತದೆ. ಮುಂದಿನ ವರ್ಷ ಹಬ್ಬಕ್ಕೆ ವಾರ ಮೊದಲೇ ನಾನೇ ಒಂದು ಹಾಳೆ ತಗೊಂಡು, ಮೇಲೆ ಹಬ್ಬದ ಹೆಸರು ಬರೆದು, ನನ್ನ ಹೆಸರು, ಮುಂದೆ ಐನೂರು ಎಂದು ಬರೆದು ಟೇಬಲ್ ಟೇಬಲ್‌ಗೆ ಹೋದೆ. ಅಟೆಂಡರ್ ಅಣ್ಣ ನೂರು ಕೊಟ್ಟರು. ಅವರು ಕೊಟ್ಟಮೇಲೆ ಉಳಿದವರು ಇಲ್ಲ ಎನ್ನಲಾಗಲಿಲ್ಲ. ಹೂವು ಕಮ್ಮಿ ಆಯಿತು, ಸ್ವೀಟ್ ಬಂದದ್ದು ನಮ್ಮ ದುಡ್ಡಿನಿಂದ. ಕವರ್ ಹಂಚುವುದು ನಿಂತಿತು ಎಂದು ಹೇಳುವುದಿಲ್ಲ, ನಿಲ್ಲಲಿಲ್ಲ. ಆದರೆ 'ಮೇಡಂ ಇಸ್ಕೊಳ್ಳಲ್ಲ, ಅವರ ಟೇಬಲ್ ಬಿಡಿ' ಎನ್ನುವುದು ಕಚೇರಿಯಲ್ಲಿ ಒಂದು ಮಾಮೂಲಿ ಮಾತಾಯಿತು. ಅಲ್ಲಿಯವರೆಗೆ ತಡೆದುಕೊಳ್ಳಬೇಕು. ಆ ಕಾಲ ಒಂಟಿತನದ್ದು, ಸುಳ್ಳು ಸಮಾಧಾನ ಹೇಳಲಾರೆ.

ನಿಮ್ಮ ಅಪ್ಪನ ಜೊತೆ ಒಂದು ಸಲ ಕೂತು ಸಂಬಳದ ಲೆಕ್ಕ ಮಾಡಿ. ಸಾಲ ಎಷ್ಟು, ತಂಗಿಯ ಮದುವೆಗೆ ಎಷ್ಟು, ಎಲ್ಲ. ಮನೆ ಖರ್ಚು ಸಂಬಳದೊಳಗೆ ಇಲ್ಲದಿದ್ದರೆ ಯಾವ ತೀರ್ಮಾನವೂ ಜಾಸ್ತಿ ದಿನ ನಿಲ್ಲುವುದಿಲ್ಲ. ನಮ್ಮ ಕಚೇರಿಯಲ್ಲಿ ತಗೊಳ್ಳಲು ಶುರು ಮಾಡಿದ ಎಷ್ಟೋ ಜನ ಕೆಟ್ಟವರೇನಲ್ಲ. ಕೈಗಡ ಕೈಮೀರಿ ಹೋಗಿತ್ತು.

ಸಣ್ಣ ಗುತ್ತಿಗೆದಾರ

ನಾನು ಟೇಬಲ್‌ನ ಈಚೆ ನಿಲ್ಲುವವನು. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘದವರು ಶೇ. 40ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು ಪ್ರಧಾನಿಗೇ ಪತ್ರ ಬರೆದರು, ದೊಡ್ಡ ಸುದ್ದಿ ಆಯಿತು. ಜನ ಅದನ್ನು ರಾಜಕೀಯ ಎಂದು ನೋಡಿದರು. ನಮಗೆ ಅದು ಸಿಮೆಂಟ್ ಲೆಕ್ಕ. ಕಮಿಷನ್ ಹಣ ಗುತ್ತಿಗೆದಾರನ ಮನೆಯಿಂದ ಬರುವುದಿಲ್ಲ, ಚರಂಡಿ ಗೋಡೆಗೆ ಹೋಗಬೇಕಾದ ಕಬ್ಬಿಣ, ಸಿಮೆಂಟ್‌ನಿಂದ ಬರುತ್ತದೆ. ಎರಡು ಮಳೆಗಾಲಕ್ಕೆ ಸ್ಲ್ಯಾಬ್ ಬಿರುಕು ಬಿಟ್ಟರೆ ಊರವರು ಬೈಯುವುದು ನಮ್ಮನ್ನು.

ನಾನು ಬಿಲ್ ಹಾಕುತ್ತಿದ್ದ ಒಂದು ಕಡೆ ಒಬ್ಬ ಕೇಸ್ ವರ್ಕರ್ ಇದ್ದರು. ಅವರು ಮಾಡುತ್ತಿದ್ದದ್ದು ಇಷ್ಟೇ. ಬಿಲ್ ತಗೊಂಡ ಕೂಡಲೇ ಸೀಲ್ ಹಾಕಿ, ದಿನಾಂಕ, ಕ್ರಮ ಸಂಖ್ಯೆ ಬರೆದು ಸ್ವೀಕೃತಿ ಕೊಡುವುದು. ಎಂಬಿ ಪುಸ್ತಕದಲ್ಲಿ (ಕಾಮಗಾರಿಯ ಅಳತೆ ಬರೆಯುವ ಪುಸ್ತಕ) ಕೊರತೆ ಇದ್ದರೆ ಅವತ್ತೇ ಎಲ್ಲವನ್ನೂ ಒಟ್ಟಿಗೆ ಹೇಳುವುದು, ಇವತ್ತೊಂದು ನಾಳೆ ಒಂದು ಅಲ್ಲ. ಆಮೇಲೆ ಕ್ರಮ ಸಂಖ್ಯೆ ಪ್ರಕಾರವೇ ಮೇಲಕ್ಕೆ ಕಳಿಸುವುದು. ನನ್ನ ಬಿಲ್ ಯಾವಾಗ ಬರುತ್ತದೆ ಎಂದು ನನಗೆ ಮೊದಲೇ ಗೊತ್ತಾಗುತ್ತಿತ್ತು, ಮೇಸ್ತ್ರಿಗೆ ಹೇಳಿದ ದಿನ ಕೂಲಿ ಕೊಡುತ್ತಿದ್ದೆ. ಮೇಲಿನವರು ಕೇಳುವುದನ್ನು ಅವರು ನಿಲ್ಲಿಸಲಾಗಲಿಲ್ಲ, ನಿಜ. ಆದರೂ ಒಬ್ಬ ಗುಮಾಸ್ತ ನೆಟ್ಟಗಿದ್ದರೆ ಎಷ್ಟು ಜನರ ಒಲೆ ಹೊತ್ತಿಗೆ ಸರಿಯಾಗಿ ಉರಿಯುತ್ತದೆ ಎಂದು ನಿಮ್ಮಂಥವರಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆದೆ.

ಇನ್ನೊಬ್ಬ ನೌಕರ

ಸುಮ್ನೆ ವರ್ಗಾವಣೆ ಕೇಳಿಕೊಳ್ಳಿ. ದುಡ್ಡಿನ ಓಡಾಟ ಇಲ್ಲದ ಶಾಖೆ ನೋಡಿಕೊಳ್ಳಿ, ತಪಾಲು, ದಾಖಲೆ ಕೊಠಡಿ ಇಂಥವು. ನೆಮ್ಮದಿ ಇರುತ್ತದೆ.

ಎಫ್‌ಡಿಎ, ದಕ್ಷಿಣ ಕರ್ನಾಟಕ

ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಸರ್. ನಾವೆಲ್ಲ ದಾಖಲೆ ಕೊಠಡಿ ಸೇರಿಕೊಂಡರೆ ಜನರ ಅರ್ಜಿ ಇರುವ ಟೇಬಲ್ ಯಾರಿಗೆ ಬಿಟ್ಟಹಾಗಾಯಿತು? ಆರೋಗ್ಯಕ್ಕೋ ಜೀವಕ್ಕೋ ಅಪಾಯ ಇದ್ದರೆ ಹೋಗಲಿ. ಮಾತು ಬಿಟ್ಟರು ಎಂದು ಹೋಗುವುದು ಬೇಡ.

ವಕೀಲ, ಜಿಲ್ಲಾ ನ್ಯಾಯಾಲಯ

ಲೋಕಾಯುಕ್ತದ ಪ್ರಶ್ನೆಗೆ ಉತ್ತರ. ನಮ್ಮ ಲೋಕಾಯುಕ್ತಕ್ಕೆ 1984ರ ಕಾಯ್ದೆಯ ಬಲ ಇದೆ. 2011ರಲ್ಲಿ ಅದು ಕೊಟ್ಟ ಅಕ್ರಮ ಗಣಿಗಾರಿಕೆ ವರದಿಯ ಹೊತ್ತಿಗೆ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಅದೇ ಸಂಸ್ಥೆಯ ಮೇಲೆ 2015ರಲ್ಲಿ ಸುಲಿಗೆಯ ಆರೋಪ ಬಂದು ಆಗಿನ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ ಟ್ರ್ಯಾಪ್, ದಾಳಿಯ ಅಧಿಕಾರ ಅಲ್ಲಿಗೆ ಕೊಟ್ಟಿತು, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ವಾಪಸ್ ಕೊಟ್ಟಿತು. ಈಗ ಹೋಗಬೇಕಾದದ್ದು ನಿಮ್ಮ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಹತ್ತಿರ.

ಆದರೆ ನಿಮ್ಮ ಹತ್ತಿರ ಯಾರೂ ಲಂಚ ಕೇಳಿಲ್ಲ, ಹಂಚಿಕೆಗೆ ಕರೆದಿದ್ದಾರೆ. ಟ್ರ್ಯಾಪ್ ನಿಲ್ಲಬೇಕಾದರೆ ಕೇಳಿದ್ದಕ್ಕೂ ತಗೊಂಡದ್ದಕ್ಕೂ ಪುರಾವೆ ಬೇಕು. ದೂರುದಾರ ತಿರುಗಿಬಿದ್ದರೂ ಬೇರೆ ಸಾಕ್ಷ್ಯದಿಂದ ಸಾಬೀತು ಮಾಡಬಹುದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ಆದರೂ ಬೇಡಿಕೆ ಸಾಬೀತಾಗಲೇಬೇಕು. ಲಂಚ ಕೊಡಬೇಕಾಗಿ ಬಂದ ಅರ್ಜಿದಾರ ಮುಂದೆ ಬಂದರೆ ಅವರಿಗೆ ದಾರಿ ತೋರಿಸಿ. 2018ರ ತಿದ್ದುಪಡಿ ಆದಮೇಲೆ ಕೊಟ್ಟವನೂ ಅಪರಾಧಿ. ಒತ್ತಾಯಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ತಿಳಿಸಬೇಕು, ಮೊದಲೇ ತಿಳಿಸಿ ಟ್ರ್ಯಾಪ್‌ಗಾಗಿ ಕೊಟ್ಟರೆ ತೊಂದರೆ ಇಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ನೀವೇ ದೂರು ಕೊಡುವುದಾದರೆ ಲೋಕಾಯುಕ್ತದ ನಮೂನೆಯಲ್ಲಿ ಪ್ರಮಾಣಪತ್ರದ ಸಮೇತ ಕೊಡಬೇಕು. ದೂರು ಕೊಟ್ಟ ನೌಕರನ ರಕ್ಷಣೆ ನಮ್ಮಲ್ಲಿ ಬಹಳ ದುರ್ಬಲ. ಅದಕ್ಕೆಂದೇ ಸಂಸತ್ತು ಮಾಡಿದ 2014ರ ಕಾಯ್ದೆ ಇನ್ನೂ ಜಾರಿಗೇ ಬಂದಿಲ್ಲ. ಸಹಕಾರ ಇಲಾಖೆಯ ಲೆಕ್ಕಪರಿಶೋಧನೆಯಲ್ಲಿದ್ದ ಕೆಎಎಸ್ ಅಧಿಕಾರಿ ಎಸ್.ಪಿ. ಮಹಾಂತೇಶ್ ಅವರನ್ನು 2012ರಲ್ಲಿ ಬೆಂಗಳೂರಿನ ರಸ್ತೆಯಲ್ಲೇ ಹೊಡೆದರು, ಕೆಲವು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ಕೆಜಿಎಫ್‌ನಲ್ಲಿ ಬೆಳೆದ, ಇಂಡಿಯನ್ ಆಯಿಲ್ ಅಧಿಕಾರಿ ಷಣ್ಮುಗಂ ಮಂಜುನಾಥ್ ಅವರನ್ನು 2005ರಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಗುಂಡಿಟ್ಟು ಕೊಂದರು, ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್ ವಿರುದ್ಧ ಕ್ರಮ ತಗೊಂಡದ್ದಕ್ಕೆ. ಹೆದರಿಸಲು ಹೇಳುತ್ತಿಲ್ಲ. ದೊಡ್ಡ ಹಣದ ವಿಷಯ ಕಣ್ಣಿಗೆ ಬಿದ್ದರೆ ಒಬ್ಬರೇ ಹೋಗಬೇಡಿ, ವಕೀಲರನ್ನು ಕೇಳಿ, ಮನೆಯವರಿಗೆ ತಿಳಿಸಿ, ಪ್ರತಿಗಳು ಬೇರೆ ಕಡೆ ಇರಲಿ ಎಂದು ಹೇಳುತ್ತಿದ್ದೇನೆ.

ಕೇಸ್ ವರ್ಕರ್, ನಾಡಕಚೇರಿ

ಎಲ್ಲರೂ ದುಡ್ಡು ಮುಟ್ಟಬೇಡಿ ಎಂದು ಹೇಳಿದಿರಿ. ನನಗೆ ಇನ್ನೊಂದು ಹೇಳಬೇಕು ಅನ್ನಿಸುತ್ತದೆ. ಕೈ ಶುದ್ಧ ಇಟ್ಟುಕೊಂಡು ಕಡತ ಕೊಳೆಸುವವರನ್ನೂ ನೋಡಿದ್ದೇನೆ. ಎಲ್ಲಿ ಯಾರು ಏನಂತಾರೋ ಎಂದು ಹೆದರಿ ಪ್ರತಿ ಅರ್ಜಿಗೂ ಒಂದು ಆಕ್ಷೇಪ ಹಾಕುತ್ತಾರೆ. ವಿಧವಾ ವೇತನಕ್ಕೆ ಬಂದ ಅಜ್ಜಿಗೆ ಎರಡೂ ಒಂದೇ, ಹಳ್ಳಿಯಿಂದ ಮತ್ತೆ ಬಸ್ ಹತ್ತಬೇಕು. ಅಂಥವರಿಂದಲೇ 'ದುಡ್ಡು ತಗೊಂಡರೂ ಪರವಾಗಿಲ್ಲ, ಕೆಲಸ ಮಾಡಿಕೊಡ್ತಾನೆ' ಎನ್ನುವ ಮಾತು ಜನರ ಬಾಯಲ್ಲಿ ಹುಟ್ಟಿದ್ದು ಎಂದು ನನ್ನ ಅಭಿಪ್ರಾಯ. ಈ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಸರ್ಕಾರಿ ಸೇವೆ ಗಡುವಿನೊಳಗೆ ಕೊಡಬೇಕು ಎನ್ನುವ ಸಕಾಲ ಯೋಜನೆ 2012ರಿಂದ ಇಡೀ ರಾಜ್ಯದಲ್ಲಿದೆ. ಅದರಲ್ಲಿ ಸೇರಿದ ಸೇವೆಯಾದರೆ ಅರ್ಜಿಗೆ ಜಿಎಸ್‌ಸಿ ನಂಬರ್ (ಸಕಾಲ ಅರ್ಜಿಯ ಗುರುತಿನ ಸಂಖ್ಯೆ) ಬರುತ್ತದೆ, ಗಡುವು ಇರುತ್ತದೆ, ತಡ ಆದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500ರವರೆಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ಆ ನಂಬರ್ ಕೊಟ್ಟು 'ಈ ತಾರೀಖಿನೊಳಗೆ ಆಗಬೇಕು, ಆಗದಿದ್ದರೆ ಮೇಲ್ಮನವಿ ಹಾಕಿ' ಎಂದು ನಾವೇ ಬಾಯಿಬಿಟ್ಟು ಹೇಳಿದರೆ ಏಜೆಂಟನ ಹತ್ತಿರ ಹೋಗುವ ಜನ ಕಮ್ಮಿ ಆಗುತ್ತಾರೆ. ನಾನು ಬೇಕಾದ ದಾಖಲೆಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಟೇಬಲ್ ಮುಂದೆ ಅಂಟಿಸಿದ್ದೇನೆ. ಓದಲು ಬಾರದವರಿಗೆ ಚೀಟಿಯಲ್ಲಿ ಬರೆದುಕೊಡುತ್ತೇನೆ, ಮನೆಯಲ್ಲಿ ಮೊಮ್ಮಕ್ಕಳು ಓದಿ ಹೇಳುತ್ತಾರೆ.

ಪ್ರೊಬೇಷನ್ ಬಗ್ಗೆ ಕೇಳಿದ್ದೀರಿ. ಸತಾಯಿಸಬೇಕು ಎಂದುಕೊಂಡವರು ಮೊದಲು ಹುಡುಕುವುದು ನಮ್ಮ ಕಡೆಯ ಕೊರತೆಯನ್ನೇ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ, ನಿಮ್ಮ ಹುದ್ದೆಗೆ ಹೇಳಿರುವ ಇಲಾಖಾ ಪರೀಕ್ಷೆ ಎರಡನ್ನೂ ಅವಧಿಯೊಳಗೆ ಮುಗಿಸಿ. ಆಸ್ತಿ–ಋಣ ಪಟ್ಟಿಯನ್ನು ಪ್ರತಿ ವರ್ಷ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ರಜೆ ಹಾಕಿದರೆ ಮಂಜೂರಾತಿ ಆದೇಶ ಸೇವಾ ಪುಸ್ತಕದಲ್ಲಿ ನಮೂದಾಗಿದೆಯಾ ನೋಡಿ. ಎರಡು ವರ್ಷ ಮುಗಿಯುವ ದಿನ ನೀವೇ ಲಿಖಿತವಾಗಿ ಮನವಿ ಕೊಟ್ಟು ತಪಾಲಿನಲ್ಲಿ ಸೀಲ್ ಹಾಕಿಸಿಕೊಳ್ಳಿ. ಕಂಪ್ಯೂಟರ್ ಪರೀಕ್ಷೆಗೆ ಇನ್ನೂ ಹೆಸರು ನೋಂದಾಯಿಸಿಲ್ಲ ಅಂದರೆ ಈ ವಾರವೇ ಮಾಡಿ, ಏನಾದರೂ ಗೊತ್ತಾಗದಿದ್ದರೆ ಇಲ್ಲೇ ಕೇಳಿ, ನಾನು ಹೋದ ವರ್ಷ ಬರೆದಿದ್ದೇನೆ.