ಕ್ರಿಸ್‌ಮಸ್ ರಾತ್ರಿಯ ಅದ್ಭುತ ಪ್ರೇಮಕಥೆಗಳು: ಆ ದಿನವೇ ಏಕೆ?

ನೀಲಾಂಬರಿ:
ನಮಸ್ಕಾರ. ಕ್ರಿಸ್‌ಮಸ್ ಕಾಲದಲ್ಲಿ ನಡೆಯುವ ಫ್ಯಾಂಟಸಿ ಮತ್ತು ವೈಜ್ಞಾನಿಕ ಪ್ರೇಮಕಥೆಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಹಿಮ, ದೀಪ, ಉಡುಗೊರೆ ಎಲ್ಲವೂ ಅವುಗಳಲ್ಲಿ ಇರುತ್ತವೆ; ಆದರೆ ಬಹುಪಾಲು ಕಥೆಗಳನ್ನು ಜೂನ್ ತಿಂಗಳಿಗೆ ಎತ್ತಿಟ್ಟರೂ ಕಥಾವಸ್ತುವಿಗೆ ಯಾವ ನಷ್ಟವೂ ಆಗುವುದಿಲ್ಲ. ಆ ದಿನವಿಲ್ಲದಿದ್ದರೆ ಮಾಯೆಯೂ ನಡೆಯದು, ಪ್ರೇಮವೂ ಕೂಡಿಬಾರದು ಎನ್ನುವಂತೆ ಹೆಣೆದ ಕಥೆಗಳು ಯಾವುವು? ನಾನೇ ಬರೆಯುತ್ತಿರುವ ಕಥೆಯಲ್ಲಿ ಅವಳು ಮಂಗಳ ಗ್ರಹದಲ್ಲಿದ್ದಾಳೆ, ಅವನು ಭೂಮಿಯಲ್ಲಿದ್ದಾನೆ, ಡಿಸೆಂಬರ್ 24ರ ರಾತ್ರಿ ಇಬ್ಬರೂ ಮಾತನಾಡಬೇಕು. ಆ ರಾತ್ರಿಯೇ ಏಕೆ ಎಂಬುದನ್ನು ಕಥೆಯೇ ಹೇಳುವಂತಾಗಬೇಕೆಂಬುದು ನನ್ನ ಆಸೆ.

ಹಳೆಯ ಓದುಗ:
ರಷ್ಯನ್ ಲೇಖಕ ಗೊಗೊಲ್ 1832ರಲ್ಲಿ ಪ್ರಕಟಿಸಿದ ‘ಕ್ರಿಸ್‌ಮಸ್ ಹಿಂದಿನ ರಾತ್ರಿ’ಯನ್ನು ಮೊದಲು ಓದಿ. ಉಕ್ರೇನಿನ ದಿಕಾಂಕಾದಲ್ಲಿ ಸೈತಾನನಿಗೆ ಅಲೆಯಲು ಉಳಿದಿರುವುದು ಅದೊಂದೇ ರಾತ್ರಿ. ಬೆಳಗಿನ ಚರ್ಚಿನ ಗಂಟೆ ಕೇಳಿಸಿದೊಡನೆ ಅವನು ಓಡಬೇಕು. ಚರ್ಚಿನ ಗೋಡೆಯ ಮೇಲೆ ತನ್ನನ್ನು ಅವಮಾನವಾಗುವಂತೆ ಚಿತ್ರಿಸಿದ ಕಮ್ಮಾರ ವಕೂಲನ ಮೇಲೆ ಸೇಡು ತೀರಿಸಿಕೊಳ್ಳಲು ಅವನು ಚಂದ್ರನನ್ನೇ ಕದಿಯುತ್ತಾನೆ. ಕತ್ತಲಾದರೆ ವಕೂಲ ಪ್ರೀತಿಸುವ ಒಕ್ಸಾನಳ ತಂದೆ ಮನೆ ಬಿಟ್ಟು ಹೊರಡುವುದಿಲ್ಲ, ತಂದೆ ಮನೆಯಲ್ಲಿದ್ದರೆ ವಕೂಲ ಅವಳನ್ನು ಕಾಣಲು ಬರಲಾರ ಎಂಬುದು ಸೈತಾನನ ಲೆಕ್ಕ. ಮಹಾರಾಣಿ ತೊಡುವ ಪಾದರಕ್ಷೆ ತಂದರೆ ಮಾತ್ರ ಮದುವೆ ಎಂದು ಒಕ್ಸಾನ ಎಲ್ಲರೆದುರು ಹೇಳಿಬಿಡುತ್ತಾಳೆ. ವಕೂಲ ಶಿಲುಬೆಯ ಗುರುತಿನ ಬಲದಿಂದ ಆ ಸೈತಾನನನ್ನೇ ಹತೋಟಿಗೆ ತಂದು, ಅವನ ಬೆನ್ನೇರಿ ಪೀಟರ್ಸ್‌ಬರ್ಗಿನ ಅರಮನೆಗೆ ಹಾರುತ್ತಾನೆ. ಅವನು ಮರಳಿದಾಗ ಅವಳಿಗೆ ಪಾದರಕ್ಷೆ ಬೇಕಾಗಿಯೇ ಇಲ್ಲ. ಶತ್ರುವಿನ ಕೊನೆಯ ಸ್ವತಂತ್ರ ರಾತ್ರಿಯೇ ಪ್ರೇಮಿಯ ವಾಹನವಾಗುವ ಈ ಕಥೆಯಿಂದ ತಾರೀಖನ್ನು ಕಿತ್ತರೆ ಏನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಆ ಹಳ್ಳಿಯ ಕ್ರಿಸ್‌ಮಸ್ ಹಳೆಯ ಜೂಲಿಯನ್ ಪಂಚಾಂಗದ್ದು. ಈಗಿನ ಲೆಕ್ಕದಲ್ಲಿ ಅದು ಜನವರಿ 7. ಉಕ್ರೇನ್ ಸರ್ಕಾರ 2023ರಲ್ಲಿ ಅಧಿಕೃತ ರಜೆಯನ್ನು ಡಿಸೆಂಬರ್ 25ಕ್ಕೆ ಬದಲಿಸಿತು. ಎರಡು ಪಂಚಾಂಗಗಳಿಗೆ ಸೇರಿದ ಪ್ರೇಮಿಗಳಿಗೆ 13 ದಿನಗಳ ಅಂತರದ ಎರಡು ಹಬ್ಬಗಳಿರುತ್ತವೆ. ಇದನ್ನು ಯಾರಾದರೂ ಕಥೆಯಾಗಿಸಬೇಕು.

ತಾರಾಪಥ:
ಗೊಗೊಲ್ ಬಗ್ಗೆ ಎರಡು ಮಾತಿಲ್ಲ. ಹಾಫ್‌ಮನ್ 1816ರಲ್ಲಿ ಬರೆದ ನಟ್‌ಕ್ರ್ಯಾಕರ್ ಕಥೆಯನ್ನು ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಮೂಲದಲ್ಲಿ ಅದರ ನಾಯಕಿ ಮರೀ ಏಳು ವರ್ಷದ ಮಗು, ಆದ್ದರಿಂದ ನಾನು ಅದನ್ನು ಶಾಪವಿಮೋಚನೆಯ ಕಥೆಯೆಂದಷ್ಟೇ ಓದುತ್ತೇನೆ.

ವೈಜ್ಞಾನಿಕ ಕಥೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 2010ರ ಡಿಸೆಂಬರ್ 25ರಂದು ಪ್ರಸಾರವಾದ ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಟಿವಿ ಸರಣಿಯ ಕ್ರಿಸ್‌ಮಸ್ ಕಂತು. ಸಾಲದ ಒತ್ತೆಯಾಗಿ ಶೈತ್ಯಪೆಟ್ಟಿಗೆಯಲ್ಲಿ ಮಲಗಿಸಲಾದ ಅಬಿಗೇಲಳನ್ನು ವರ್ಷಕ್ಕೊಮ್ಮೆ, ಕ್ರಿಸ್‌ಮಸ್ ಮುನ್ನಾದಿನ ಮಾತ್ರ, ಎಬ್ಬಿಸಲಾಗುತ್ತದೆ. ಅವಳನ್ನು ಕಾಣಲು ಬರುವ ಹುಡುಗ ಕಜ್ರಾನ್ ಪ್ರತಿ ಸಲ ಒಂದು ವರ್ಷ ದೊಡ್ಡವನಾಗಿರುತ್ತಾನೆ, ಅವಳ ಪಾಲಿಗೆ ಒಂದು ದಿನ ಮಾತ್ರ ಕಳೆದಿರುತ್ತದೆ. ಅವಳು ಮೊದಲಿನಿಂದಲೂ ರೋಗಿ, ಅವಳಿಗೆ ಬದುಕಲು ಉಳಿದಿರುವುದು ಬೆರಳೆಣಿಕೆಯ ದಿನಗಳು. ಇನ್ನೊಂದೇ ದಿನ ಉಳಿದಿದೆ ಎಂದು ತಿಳಿದಾಗ ಅವನು ಆ ಬಾಗಿಲನ್ನು ತೆರೆಯುವುದನ್ನೇ ಬಿಟ್ಟು, ಹಾಗೆಯೇ ಕಹಿಯಾಗಿ ಮುದುಕನಾಗುತ್ತಾನೆ. ಹಬ್ಬ ಪ್ರತಿ ವರ್ಷ ಬರುತ್ತದೆ ಎಂಬ ಸಾಮಾನ್ಯ ಸಂಗತಿಯೇ ಇಲ್ಲಿ ಪ್ರೇಮದ ಆಯುಷ್ಯವನ್ನು ಅಳೆಯುವ ಅಳತೆಗೋಲು. ಇದಕ್ಕಿಂತ ಬಿಗಿಯಾದ ಹೆಣಿಗೆಯನ್ನು ನಾನು ಕಂಡಿಲ್ಲ.

ಮನಸ್ಸು ಹಗುರಾಗಬೇಕಿದ್ದರೆ ಕಾನಿ ವಿಲಿಸ್ ಅವರ ‘ಆಲ್ ಸೀಟೆಡ್ ಆನ್ ದ ಗ್ರೌಂಡ್’ ಓದಿ. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿಯನ್ನು 2008ರಲ್ಲಿ ಪಡೆದ ನೀಳ್ಗತೆ. ಅಮೆರಿಕದ ಡೆನ್ವರ್ ನಗರಕ್ಕೆ ಬಂದಿಳಿದ ಅನ್ಯಗ್ರಹದವರು ಎಲ್ಲದಕ್ಕೂ ಮುಖ ಗಂಟಿಕ್ಕಿಕೊಂಡು ನಿಂತಿರುತ್ತಾರೆ, ಒಂದು ಕ್ರಿಸ್‌ಮಸ್ ಗೀತೆ ಕಿವಿಗೆ ಬಿದ್ದಾಗ ಮಾತ್ರ ಕುಳಿತುಕೊಳ್ಳುತ್ತಾರೆ. ಅದರ ಕಾರಣವನ್ನು ಹುಡುಕುತ್ತಾ ನಾಯಕಿಯೂ ಗಾಯನವೃಂದದ ನಿರ್ದೇಶಕನೂ ಹತ್ತಿರವಾಗುತ್ತಾರೆ.

ಕಡಲತಡಿ, ಮಂಗಳೂರು:
ನೀಲಾಂಬರಿಯವರೇ, ನಿಮ್ಮ ಮಂಗಳ ಗ್ರಹದ ಕಥೆಯ ಬಗ್ಗೆ ಹೇಳುತ್ತೇನೆ. ನಮ್ಮ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್ ಎಂದರೆ 25ನೆಯ ತಾರೀಖಿಗಿಂತ ಮೊದಲಿನ ಆಗಮನ ಕಾಲವೂ ಹೌದು. ನಾಲ್ಕು ಭಾನುವಾರ ಕಾಯುವುದು, ಆಮೇಲೆ ಚರ್ಚಿನಲ್ಲಿ ನಡುರಾತ್ರಿಯ ಬಲಿಪೂಜೆ, ಅಂದರೆ ಮಾಸ್. ಕಾಯುವುದೇ ಈ ಹಬ್ಬದ ಒಳತಿರುಳು ಎಂದು ನಾನು ನಂಬುತ್ತೇನೆ, ಮತ್ತು ನಿಮ್ಮ ವಿಜ್ಞಾನವೂ ಅದನ್ನೇ ಹೇಳುತ್ತಿದೆ. ಗ್ರಹಗಳ ಅಂತರಕ್ಕೆ ತಕ್ಕಂತೆ ಮಂಗಳದಿಂದ ಸಂಕೇತ ಬರಲು ಸುಮಾರು 3ರಿಂದ 22 ನಿಮಿಷ ಬೇಕು, ಉತ್ತರ ಮರಳಲು ಮತ್ತಷ್ಟೇ. 1968ರ ಡಿಸೆಂಬರ್ 24ರಂದು ಅಪೊಲೊ 8 ನೌಕೆಯ ಮೂವರು ಯಾತ್ರಿಗಳು ಚಂದ್ರನನ್ನು ಸುತ್ತುತ್ತಾ ಬೈಬಲಿನ ಆದಿಕಾಂಡದ ಮೊದಲ ಸಾಲುಗಳನ್ನು ಓದಿದಾಗ, ಆ ಧ್ವನಿ ಒಂದೂಕಾಲು ಸೆಕೆಂಡಿನಷ್ಟರಲ್ಲಿ ಭೂಮಿಯನ್ನು ತಲುಪಿತ್ತು. ನಿಮ್ಮ ಪ್ರೇಮಿಗಳಿಗೆ ಆ ಭಾಗ್ಯವಿಲ್ಲ. ಅವರದು ಸಂಭಾಷಣೆಯಾಗದೆ ಪತ್ರವ್ಯವಹಾರವೇ ಆಗುತ್ತದೆ.

ಜೊತೆಗೆ ಮಂಗಳದ ಒಂದು ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಉದ್ದ. ಅವಳ ನಡುರಾತ್ರಿ ಅವನ ನಡುರಾತ್ರಿಯಿಂದ ದಿನದಿನವೂ ಜಾರುತ್ತಾ ಹೋಗಿ, ಐದು ವಾರಗಳಿಗೊಮ್ಮೆ ಹೆಚ್ಚುಕಡಿಮೆ ಮತ್ತೆ ಕೂಡುತ್ತದೆ. ಆ ಕೂಡುವಿಕೆ ಡಿಸೆಂಬರ್ 24ಕ್ಕೇ ಬೀಳುವ ವರ್ಷವೊಂದನ್ನು ಕಥೆಗೆ ಆರಿಸಿಕೊಳ್ಳಿ.

ನೀಲಾಂಬರಿ:
ಮೂವರಿಗೂ ಕೃತಜ್ಞತೆಗಳು. ಜಾರುವ ನಡುರಾತ್ರಿಯನ್ನು ಖಂಡಿತ ಬಳಸುತ್ತೇನೆ. ಆದರೆ ಅದು ತಾನಾಗಿ 24ಕ್ಕೆ ಬೀಳುವುದಕ್ಕಿಂತ, ಅವಳೇ ಹಲವು ತಿಂಗಳ ಮೊದಲು ಲೆಕ್ಕ ಹಾಕಿ, ತನ್ನ ನೆಲೆಯ ಗಡಿಯಾರವನ್ನು ಹೊಂದಿಸಲು ಸಹೋದ್ಯೋಗಿಗಳನ್ನು ಒಪ್ಪಿಸಿರಬೇಕು ಎನ್ನಿಸುತ್ತಿದೆ.