ಹಳೇ ಕ್ಯಾಸೆಟ್ ವಿಡಿಯೋ ಗೇಮ್: ಕೆಂಪು ದೀಪವೇ ಹತ್ತುತ್ತಿಲ್ಲ

ಅಟ್ಟದಮೇಲೆ:
ನಮಸ್ಕಾರ. ದಸರಾಕ್ಕೆ ಊರಿಗೆ ಹೋದಾಗ ಅಟ್ಟದ ಮೇಲೆ ನನ್ನ ಹಳೇ 8-ಬಿಟ್ ಟಿವಿ ಗೇಮ್ ಸಿಕ್ಕಿತು. ಹಳದಿ ಕ್ಯಾಸೆಟ್ ಹಾಕ್ತಿದ್ವಲ್ಲ, ಅದೇ. ಅಡಾಪ್ಟರ್ ವೈರ್ ಇಲಿ ಪಾಲಾಗಿತ್ತು. ಸೆಟ್ ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರಿನ ಪಿನ್ ಸರಿಯಾಗಿ ಕೂತಿತು ಅಂತ ಅದನ್ನೇ ಹಾಕಿದೆ. ದೀಪ ಹತ್ತಲಿಲ್ಲ, ಟಿವಿಯಲ್ಲೂ ಏನೂ ಇಲ್ಲ. ಚಿಪ್ ಹೋಗಿದೆಯಾ? ಮಗಳಿಗೆ ಆಡಿಸ್ತೀನಿ ಅಂತ ಬೇರೆ ಹೇಳಿಬಿಟ್ಟಿದ್ದೇನೆ.

ಬೆಸುಗೆಕಡ್ಡಿ:
ಮೊದಲು ಆ ಅಡಾಪ್ಟರ್ ಕಿತ್ತುಬಿಡಿ ಸರ್! ಈ ಗೇಮುಗಳೆಲ್ಲ 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಮ್‌ನ ನಕಲುಗಳು. ಫ್ಯಾಮಿಕಾಮ್ ಅಡಾಪ್ಟರಿನಲ್ಲಿ ಪಿನ್ನಿನ ಒಳಗಡೆ ಮೈನಸ್, ಹೊರಗಡೆ ಪ್ಲಸ್. ಇವತ್ತಿನ ಸೆಟ್ ಟಾಪ್ ಬಾಕ್ಸ್ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಉಲ್ಟಾ. ನಕಲುಗಳಲ್ಲಿ ಎರಡೂ ಥರ ಇವೆ, ಹಾಗಾಗಿ ಡಬ್ಬದ ತಳದಲ್ಲಿರುವ ಗುರುತು ನೋಡಿ.

ಅಟ್ಟದಮೇಲೆ:
ನೋಡಿದೆ. ಒಳಗಡೆ ಮೈನಸ್, 9 ವೋಲ್ಟ್. ಸರಿಯಾದ ಅಡಾಪ್ಟರ್ ತಂದು ಹಾಕಿದರೂ ದೀಪ ಇಲ್ಲ. ನಾನೇ ಸುಟ್ಟೆ ಅಲ್ವಾ?

ಬೆಸುಗೆಕಡ್ಡಿ:
ಸುಟ್ಟಿದ್ದರೂ ಬಹುಶಃ ಅಗ್ಗದ ಸಾಮಾನೇ. ತಿರುಪು ಬಿಚ್ಚಿ. ಪವರ್ ಸಾಕೆಟ್ಟಿನ ಹತ್ತಿರ ಮೂರು ಕಾಲಿನ, ಬೆನ್ನಿಗೆ ಲೋಹದ ತಗಡಿರುವ ಒಂದು ಸಾಮಾನು ಇರುತ್ತದೆ. ಮೇಲೆ 7805 ಅಂತ ಬರೆದಿರುತ್ತದೆ. ಬರುವ 9 ವೋಲ್ಟನ್ನು 5ಕ್ಕೆ ಇಳಿಸುವುದು ಅದರ ಕೆಲಸ. ಬರಹ ನಿಮ್ಮ ಕಡೆ ಇದ್ದರೆ ಎಡಗಾಲು ಒಳಬರುವ ಕರೆಂಟ್, ನಡುವಿನದು ಗ್ರೌಂಡ್, ಬಲಗಾಲು ಹೊರಹೋಗುವುದು. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿ ನಡುವಿನ ಕಾಲಿಗೆ, ಕೆಂಪು ಕಡ್ಡಿ ಒಂದೊಂದಾಗಿ ಎರಡೂ ಪಕ್ಕಕ್ಕೆ. ಹುಷಾರು, ಕಡ್ಡಿ ಜಾರಿ ಎರಡು ಕಾಲು ಒಟ್ಟಿಗೆ ತಾಗಬಾರದು.

ಅಟ್ಟದಮೇಲೆ:
ಎಡ 9.2. ಬಲ 0.3.

ಬೆಸುಗೆಕಡ್ಡಿ:
ಒಳಗೆ ಬರ್ತಿದೆ, ಹೊರಗೆ ಹೋಗ್ತಿಲ್ಲ. ಈಗ ಅಡಾಪ್ಟರ್ ತೆಗೆದು ಬಲಗಾಲಿಗೂ ನಡುಗಾಲಿಗೂ ಮಧ್ಯೆ ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ, ನೋಡಿ. ಸೊನ್ನೆಯ ಹತ್ತಿರ ಬಂದರೆ ಮುಂದೆ ಎಲ್ಲೋ ಶಾರ್ಟ್ ಆಗಿದೆ, ಅದು ತಲೆನೋವು. ಇಲ್ಲದಿದ್ದರೆ 7805 ಒಂದನ್ನೇ ಬದಲಿಸಿ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನಲ್ಲಿ ಒಂದು ಕಾಫಿ ದುಡ್ಡಿಗೆ ಸಿಗುತ್ತದೆ. ಪಕ್ಕದ ಪುಟ್ಟ ಡಬ್ಬಿಯಂಥ ಕೆಪಾಸಿಟರಿನ ತಲೆ ಉಬ್ಬಿದ್ದರೆ ಅದನ್ನೂ ಬದಲಿಸಿ, ಪ್ಲಸ್ ಮೈನಸ್ ನೋಡಿಕೊಂಡು. ಬೋರ್ಡಿನ ನಡುವೆ ಡಾಂಬರಿನ ಹನಿ ಥರ ಕಪ್ಪು ಗುಡ್ಡೆ ಕಾಣುತ್ತಲ್ಲ, ಅದರೊಳಗೇ ಅಸಲಿ ಚಿಪ್ ಇರುವುದು. ಅದು ಹೋದರೆ ರಿಪೇರಿ ಇಲ್ಲ, ಸುಮ್ನೆ ಕೆರೆಯಬೇಡಿ.

ಅಟ್ಟದಮೇಲೆ:
ಶಾರ್ಟ್ ಇರಲಿಲ್ಲ. ಬದಲಿಸಿದೆ, 4.98 ಬಂತು, ದೀಪ ಹತ್ತಿತು! ಆದರೆ ಪರದೆ ಪೂರ್ತಿ ಬೂದು ಬಣ್ಣ. ಕ್ಯಾಸೆಟ್ ತೆಗೆದು ಊದಿ ಊದಿ ಹಾಕಿದೆ, ಒಮ್ಮೆ ಚೌಕ ಚೌಕವಾಗಿ ಏನೋ ಬಂದು ಹೋಯಿತು.

ಕಿಲುಬುವೈರಿ:
ಊದಬೇಡಿ ಮಾರಾಯ್ರೆ! ಚಿಕ್ಕಂದಿನಲ್ಲಿ ನಾವೆಲ್ಲ ಊದಿದವರೇ. ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ ಉಜ್ಜಿ ಸಂಪರ್ಕ ಸಿಗುತ್ತಿತ್ತು, ಅಷ್ಟೇ. ಎಂಜಲಿನ ಪಸೆ ತಾಗಿ ತಾಗಿ ಕಿಲುಬು ಹಿಡಿಯುತ್ತದೆ. ಕ್ಯಾಸೆಟ್ಟಿನಲ್ಲಿ ಒಂದೊಂದು ಬದಿಗೆ 30, ಒಟ್ಟು 60 ಪಿನ್. ಮುಖ್ಯವಾದ ಒಂದೆರಡು ಪಿನ್ನಿನ ಸಂಪರ್ಕ ತಪ್ಪಿದರೂ ಇದೇ ಬೂದು ಪರದೆ. ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಒಣಗಿದ ಮೇಲೆ ಹಾಕಿ. ಉಪ್ಪುಕಾಗದ ಬೇಡ, ಲೇಪ ಹೋಗಿಬಿಡುತ್ತದೆ.

ಅಟ್ಟದಮೇಲೆ:
ಹತ್ತಿಕಡ್ಡಿ ಪೂರ್ತಿ ಹಸಿರು-ಕಪ್ಪು! ನಾಲ್ಕರಲ್ಲಿ ಮೂರು ಕ್ಯಾಸೆಟ್ ಓಡಿದವು. ಬಣ್ಣ ಮಾತ್ರ ಬರಲಿಲ್ಲ. ವಿಡಿಯೋ ವೈರನ್ನು ಟಿವಿಯ ಹಸಿರು ಸಾಕೆಟ್ಟಿಗೆ ಹಾಕಿದ್ದೆ. ಇನ್‌ಪುಟ್‌ನಲ್ಲಿ ಕಾಂಪೊನೆಂಟ್ ಬದಲು ಎವಿ ಆರಿಸಿದಾಗ ಅದೂ ಸರಿಯಾಯಿತು. ಇನ್ನು ಒಂದೇ ದೂರು: ಬಾತುಕೋಳಿ ಹೊಡೆಯುವ ಗನ್ ಕೆಲಸ ಮಾಡ್ತಿಲ್ಲ.

ಬೆಸುಗೆಕಡ್ಡಿ:
ಗನ್ ಕೆಟ್ಟಿರಲಿಕ್ಕಿಲ್ಲ. ಟ್ರಿಗರ್ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಗನ್ ನೋಡುವುದು ಆ ಬೆಳಕನ್ನು. ಎಲ್‌ಸಿಡಿ ಚಿತ್ರ ತೋರಿಸುವುದು ಸ್ವಲ್ಪ ತಡ, ಅಷ್ಟರಲ್ಲಿ ಆಟ ನೀವು ಗುರಿ ತಪ್ಪಿದಿರಿ ಅಂತ ತೀರ್ಮಾನಿಸಿರುತ್ತದೆ. ಇದಕ್ಕೆ ಹಳೇ ಟ್ಯೂಬ್ ಟಿವಿಯೇ ಬೇಕು.

ಅಟ್ಟದಮೇಲೆ:
ಅತ್ತೆ ಮನೆಯಲ್ಲಿ ಒಂದಿದೆ. ಅದರ ಮೇಲೆ ಗಣಪತಿ ಕೂರಿಸಿದ್ದಾರೆ. ಮಗಳ ಕೈಲೇ ಕೇಳಿಸುತ್ತೇನೆ.